ದಿಂಬಿನ ಸೀಟು

ಅಬುಧಾಬಿಯ ತುಳುವರ ನಡುವೆ ಯಾರಾದರೂ "ಕಸ್ಟಮ್ಸ್ ಎಂತ ಹೇಳ್ತದೋ ನೋಡ್ಬೇಕು" ಎಂದರೆ ಅದು ವಿಮಾನ ನಿಲ್ದಾಣದ ಮಾತೆಂದು ತಿಳಿಯಬೇಡಿ. ಅದು ಹಮ್ದಾನ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ, ಕ್ಯಾರೊಲಿನ್ ಎಂಬ ನರ್ಸಿನ ಜೊತೆ ಒಂದೇ ಕೋಣೆ ಹಂಚಿಕೊಂಡಿದ್ದ ಚಂದ್ರಮತಿಗೆ ಇಟ್ಟ ಅಡ್ಡಹೆಸರು. ವಿಮಾನ ನಿಲ್ದಾಣದಲ್ಲಾದರೂ ಒಮ್ಮೊಮ್ಮೆ ಪೆಟ್ಟಿಗೆ ತೆರೆಸದೆ ಬಿಡುತ್ತಾರೆ. ಚಂದ್ರಮತಿಯ ಕೈಯಿಂದ ಏನೂ ಹಾಗೆ ಪಾರಾಗುತ್ತಿರಲಿಲ್ಲ.

ಖಾಸಗಿ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಅವಳು ಸೂಪರ್‌ವೈಸರ್. ವಯಸ್ಸು ಐವತ್ತರ ಆಚೀಚೆ, ಸರಿಯಾಗಿ ಎಷ್ಟೆಂದು ಕೇಳಿದರೆ "ನಿಮಗೆ ಎಂತಕ್ಕೆ ಅದು?" ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಹಾಲನ್ನು ಮೂಸದೆ ಕಾಯಿಸುವವಳಲ್ಲ. ಶಾಂಪೂ ಬಾಟಲಿಯ ಮೇಲೆ ಪೆನ್ನಿನಲ್ಲಿ ಗೆರೆ ಎಳೆದಿಡುವಳು. ಬಾಗಿಲು ತಟ್ಟಿದರೆ ಮೊದಲು ಕಿಂಡಿಯಲ್ಲಿ ಇಣುಕಿ, ಆಮೇಲೆ "ಯಾರು?" ಎಂದು ಕೇಳಿ, "ನಾನು ಕ್ಯಾರೊಲಿನ್" ಎಂದು ಬಂದ ಮೇಲೂ "ಯಾವ ಕ್ಯಾರೊಲಿನ್?" ಎನ್ನುವಳು. "ಅಕ್ಕಾ, ಈ ಬಿಲ್ಡಿಂಗಿನಲ್ಲಿ ಎಷ್ಟು ಕ್ಯಾರೊಲಿನ್ ಇದ್ದಾರೆ ಮಾರಾಯ್ತಿ! ಕೈಯಲ್ಲಿ ತರಕಾರಿ ಉಂಟು, ತೆಗಿ!" ಎಂದು ಆ ಹುಡುಗಿ ಹೊರಗಿನಿಂದ ಕಿರುಚಬೇಕು. ಆಗಲೂ ಚಿಲಕ ತೆಗೆಯುವುದು ಅರ್ಧ ಮಾತ್ರ.

ಇದೆಲ್ಲ ಹುಟ್ಟುಗುಣ ಎಂದು ಜನ ಆಡಿಕೊಳ್ಳುತ್ತಿದ್ದರು. ಸುಳ್ಳು. ಗಲ್ಫಿಗೆ ಬಂದ ಹೊಸತರಲ್ಲಿ ಅವಳು ಎಲ್ಲರಂತೆ ಭೋಳೆ ಹೆಂಗಸು. ಊರಿಂದ ಬರುವಾಗ ಯಾರದೋ ನೆಂಟರು ಕೊಟ್ಟ ಹಲ್ವದ ಡಬ್ಬಿಯನ್ನು ಪಾಪ ಎಂದು ತಂದಿದ್ದಳು. ಅದರ ತಳದಲ್ಲಿ ನೋವಿನ ಮಾತ್ರೆಗಳ ಪಟ್ಟಿ ಇತ್ತು. ಊರಿನಲ್ಲಿ ಯಾವ ಅಂಗಡಿಯಲ್ಲೂ ಸಿಗುವ ಮಾತ್ರೆ, ಇಲ್ಲಿ ಡಾಕ್ಟರ ಚೀಟಿ ಇಲ್ಲದೆ ತಂದರೆ ಅಪರಾಧ. ಇಡೀ ದಿನ ಅವಳನ್ನು ಒಂದು ಕುರ್ಚಿಯಲ್ಲಿ ಕೂರಿಸಿದ್ದರು. ಬಾತ್ರೂಮಿಗೆ ಹೋದರೂ ಬಾಗಿಲಲ್ಲಿ ಪೊಲೀಸ್ ಹೆಂಗಸು. ಕೊನೆಗೆ ಬಿಟ್ಟರು, ನಿಜ. ಆದರೆ ಆ ಹೆದರಿಕೆ ಮೈಯಿಂದ ಇಳಿಯಲಿಲ್ಲ. ಅಂದಿನಿಂದ ಅವಳದೊಂದು ಕಾನೂನು: ಯಾರ ಸಾಮಾನು ತರುವುದಿದ್ದರೂ ಕೊಟ್ಟವರ ಎದುರೇ ಬಿಚ್ಚುವುದು. ಉಪ್ಪಿನಕಾಯಿಯ ಬಾಟಲಿಗೆ ಚಮಚ ಹಾಕಿ ಕೆದಕುವುದು, ಚಪ್ಪಲಿಯ ಅಟ್ಟೆ ಬಗ್ಗಿಸಿ ನೋಡುವುದು. ಕೊಟ್ಟವರು ಮುಖ ಕೆಂಪು ಮಾಡಿದರೆ "ಹಾಗಾದ್ರೆ ನೀವೇ ತಗೊಂಡು ಹೋಗಿ" ಎಂದು ತಿರುಗಿ ಕೊಡುವುದು.

ಒಂದೇ ಒಂದು ಕಡೆ ಅವಳು ಸಂಶಯಪಟ್ಟಿರಲಿಲ್ಲ. ಗಂಡ ಜಯಪಾಲ ಮಸ್ಕತ್ತಿನಲ್ಲಿ ಕೆಲಸ ಸಿಕ್ಕಿತೆಂದಾಗ ತಾನೇ ಅವನ ಅಂಗಿಗಳಿಗೆ ಇಸ್ತ್ರಿ ಹಾಕಿ, ಪೆಟ್ಟಿಗೆ ತುಂಬಿ ಕಳಿಸಿದ್ದಳು. ಅವನು ಅಲ್ಲಿ ಇನ್ನೊಂದು ಸಂಸಾರ ಹೂಡಿದ. ಅದರ ಬಗ್ಗೆ ಅವಳ ಹತ್ತಿರ ಮಾತೆತ್ತುವ ಧೈರ್ಯ ಯಾರಿಗೂ ಇರಲಿಲ್ಲ.

ಅವಳು ಮನಸ್ಸು ಬಿಚ್ಚಿ ಕೂರುತ್ತಿದ್ದುದು ಒಂದೇ ಮನೆಯಲ್ಲಿ. ಉಡುಪಿ ಕಡೆಯ ಶಿರ್ವದ ಅಪೊಲೊನಿಯಾ ಅದೇ ಲಾಂಡ್ರಿಯಲ್ಲಿ ಹರಿದ ಹೊದಿಕೆ, ಗೌನು ಹೊಲಿಯುವ ಕೆಲಸದವಳು. ಅವಳ ಗಂಡ ಡೆನಿಸ್ ಮುಸಫಾದ ಒಂದು ವರ್ಕ್‌ಶಾಪಿನಲ್ಲಿ ಕಾರಿನ ಸೀಟು ಹೊಲಿಯುವವರು. ಶುಕ್ರವಾರ ಬಂತೆಂದರೆ ಚಂದ್ರಮತಿಗೆ ಅಲ್ಲೇ ಊಟ. ತುಳುವರು ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಕರೆಯುವ ಹಾಗೆ ಅವಳು ಅಪೊಲೊನಿಯಾಳನ್ನು ಬಾಯಮ್ಮ ಎಂದೂ ಡೆನಿಸರನ್ನು ಪೊರ್ಬುಗಳೇ ಎಂದೂ ಕರೆಯುತ್ತಿದ್ದಳು. ಅಪೊಲೊನಿಯಾಳಿಗೆ ಇವಳು ಚಂದ್ರಾ, ಡೆನಿಸರಿಗೆ ಚಂದ್ರಕ್ಕ. ಆ ಮನೆಯಲ್ಲಿ ಮಾತ್ರ ಮೀನಿನ ಸಾರನ್ನು ಮೂಸದೆ ಅನ್ನಕ್ಕೆ ಹಾಕಿಕೊಳ್ಳುವಳು. ಅಷ್ಟು ವಿಶ್ವಾಸ.

ಡೆನಿಸರಿಗೆ ಒಂದು ಹುಚ್ಚಿತ್ತು. ಹಳೆಯ ಅಮೆರಿಕನ್ ಕಾರುಗಳ ಮಾಡೆಲ್ ಕೊಂಡು ತರುವುದು, ಅಂಗೈ ಅಗಲಕ್ಕಿಂತ ಸ್ವಲ್ಪ ಉದ್ದದ ಲೋಹದ ಕಾರುಗಳು. ತಂದ ದಿನವೇ ಇಕ್ಕಳದಿಂದ ಅದರ ಪ್ಲಾಸ್ಟಿಕ್ ಸೀಟು ಕಿತ್ತೆಸೆದು, ನಿಜವಾದ ಬಟ್ಟೆಯಲ್ಲಿ, ನಿಜವಾದ ಕಾರಿನಲ್ಲಿ ಇದ್ದ ಹಾಗೆಯೇ ಪುಟ್ಟ ಸೀಟು ಹೊಲಿದು ಕೂರಿಸುವುದು. ಗಾಜಿನ ಕಪಾಟಿನಲ್ಲಿ ಸಾಲಾಗಿ ಇಟ್ಟಿದ್ದರು. ಊಟ ಮುಗಿದದ್ದೇ ಒಂದೊಂದನ್ನೇ ತೆಗೆದು ತೋರಿಸುವರು.

"ಇದು ಐವತ್ತರ ಕಾಲದ್ದು, ಚಂದ್ರಕ್ಕ. ಸೋಫಾದ ಹಾಗೆ ಒಂದೇ ಉದ್ದ ಸೀಟು. ಗಂಡ, ಹೆಂಡತಿ, ನಡುವಲ್ಲಿ ಮಗು. ಅರುವತ್ತರಲ್ಲಿ ನೋಡಿ, ಚರ್ಮದ ಮೇಲೆ ಉದ್ದುದ್ದ ಪಟ್ಟಿ ಹೊಲಿಗೆ ಬಂತು. ಡ್ರೈವರಿಗೆ ಒಂದು ಸೀಟು, ಹತ್ತಿರದವರಿಗೆ ಒಂದು. ಎಪ್ಪತ್ತರಲ್ಲಿ ಮತ್ತೆ ಅವರಿಗೆ ಕಾರಿನೊಳಗೆ ಮನೆಯೇ ಬೇಕಾಯ್ತು. ಮಖಮಲ್, ಗುಂಡಿ, ದಿಂಬು!"

"ಕಾರಿನಲ್ಲಿ ದಿಂಬು ಎಂತಕ್ಕೆ ಪೊರ್ಬುಗಳೇ? ಮಲಗ್ಲಿಕ್ಕಾ?"

"ತೆಗೆದಿಡುವ ದಿಂಬು ಅಲ್ಲ, ಸೀಟಿಗೇ ಸೇರಿಸಿ ಹೊಲಿದದ್ದು. ಆದ್ರೆ ನೋಡುವವರಿಗೆ ಯಾರೋ ಈಗಷ್ಟೇ ತಂದು ಒರಗಿಸಿಟ್ಟ ಹಾಗೆ ಕಾಣ್ಬೇಕು. ಸ್ವಲ್ಪ ಸುಕ್ಕು ಇರ್ಬೇಕು, ಸ್ವಲ್ಪ ಕುಸೀಬೇಕು. ಅದೇ ಕಷ್ಟ. ಸುಕ್ಕೇ ಇಲ್ಲದಿದ್ರೆ ಬಸ್ಸಿನ ಸೀಟಾಗ್ತದೆ."

"ಹೊಲಿಗೆ ತಪ್ಪಿದ್ದನ್ನು ಸ್ಟೈಲು ಅಂತ ನಿಮಗೆ ಯಾರೋ ಚೆನ್ನಾಗಿ ಟೋಪಿ ಹಾಕಿದ್ದಾರೆ" ಎಂದು ಚಂದ್ರಮತಿ ಅನ್ನುವಳು. ಡೆನಿಸ್ ಹೊಟ್ಟೆ ಹಿಡಿದು ನಗುವರು. ಆದರೆ ಆ ಹೊಲಿಗೆ ಅವಳಿಗೂ ಮೆಚ್ಚುಗೆಯೇ. ಬಟ್ಟೆಯ ನಡುವೆ ಬದುಕು ಸವೆಸಿದವಳು. ಸಾಲುಹಿಡಿದು ಹೋಗುವ ಇರುವೆಗಳಂತೆ ಒಂದೇ ಸಮನಾಗಿದ್ದ ಆ ಹೊಲಿಗೆಯನ್ನು ನೋಡಿದರೆ ಯಾರದೆಂದು ಹೇಳಬಲ್ಲವಳಾಗಿದ್ದಳು.

ಅರುವತ್ತು ತುಂಬಿದ ಮೇಲೆ ವರ್ಕ್‌ಶಾಪಿನವರು ಡೆನಿಸರ ವೀಸಾ ಮುಂದುವರಿಸಲಿಲ್ಲ. ಕೇಕು ಕತ್ತರಿಸಿ, ಕೈ ಕುಲುಕಿ, ಖಲಾಸ್. ಗಂಡ ಹೆಂಡತಿ ಶಿರ್ವಕ್ಕೆ ಹೋಗಿ ರಸ್ತೆ ಬದಿಯಲ್ಲಿ ಕಟ್ಟಿಸಿದ್ದ ತಾರಸಿ ಮನೆಯಲ್ಲಿ ಕೂತರು. ಅಪೊಲೊನಿಯಾ ಫೋನಿನಲ್ಲಿ ಅಳುವಳು. "ಇವರು ಮಾತೇ ಆಡುದಿಲ್ಲ ಚಂದ್ರಾ. ಕೈ ಮೇಲೆ ಕೈ ಇಟ್ಟು ಕೂತಿರ್ತಾರೆ. ಕೆಲಸ ಇಲ್ಲದೆ ಮನುಷ್ಯ ಮುಗಿದೇ ಹೋಗ್ತಾನೆ ಅಂತ ಹೆದರಿಕೆ."

ಹೀಗಿರುವಾಗ, ಎರಡು ಸಾವಿರದ ಹದಿನಾರರ ಆರಂಭದಲ್ಲಿ, ದುಬೈಯಿಂದ ಒಂದು ಮಾತು ಬಂತು. ಅಲ್ಲಿನ ಒಬ್ಬ ಅರಬಾಬ್, ಅಂದರೆ ದೊಡ್ಡ ಯಜಮಾನ, ಹಳೆಯ ಕಾರುಗಳ ಶೋಕಿಯವನು. ಅವನ ಕಾರುಗಳನ್ನು ನೋಡಿಕೊಳ್ಳುತ್ತಿದ್ದ ಕಾನ್ರಾಡ್ ಶಿರ್ವದವನೇ. ಎಪ್ಪತ್ತರ ದಶಕದ ಕೆಂಗಂದು ಬಣ್ಣದ ಉದ್ದ ಕ್ಯಾಡಿಲಾಕಿನ ದಿಂಬಿನ ಸೀಟುಗಳು ಬಿಸಿಲಿಗೆ ಸುಟ್ಟು ಚಿಂದಿಯಾಗಿದ್ದವು. ಯಾರ್ಯಾರೋ ಹೊಲಿದರು, ಎಲ್ಲವೂ ಬಸ್ಸಿನ ಸೀಟಾದವು. ಹಿಂದೊಮ್ಮೆ ಅದನ್ನು ರಿಪೇರಿ ಮಾಡಿದ್ದ ಡೆನಿಸರ ಹೆಸರನ್ನು ಕಾನ್ರಾಡ್ ಎತ್ತಿದ. ಅರಬಾಬ್ ಹೇಳಿದನಂತೆ: "ಅವನು ಮುದುಕನಾದನಲ್ಲ, ಕೈ ಇನ್ನೂ ನಡೆಯುತ್ತದೆಯೇ? ಇದೇ ಸೀಟನ್ನು, ಇದೇ ಮಖಮಲ್ಲಿನಲ್ಲಿ, ಒಂದು ಮಾಡೆಲಿಗೆ ಹೊಲಿದು ಕಳಿಸಲಿ. ನೋಡಿ ಒಪ್ಪಿಗೆಯಾದರೆ ನನ್ನ ಹೆಸರಿನಲ್ಲೇ ವೀಸಾ ಮಾಡಿಸುತ್ತೇನೆ."

ಅಸಲಿ ಕಾರಿನ ಮಖಮಲ್ಲಿನ ಕೊನೆಯ ಚೂರು ಡೆನಿಸರ ಹತ್ತಿರವೇ ಇತ್ತು, ರಿಪೇರಿಯ ಕಾಲದಿಂದ ಜೋಪಾನ ಮಾಡಿದ್ದು. ಅಂಥ ಬಟ್ಟೆ ಈಗ ಎಲ್ಲೂ ಸಿಗುವುದಿಲ್ಲ, ದೊಡ್ಡ ಕಾರಿಗಾದರೆ ಹೊಸದಾಗಿ ನೇಯಿಸಬೇಕು. ಇನ್ನೇನು ಬೇಕು! ಅಪೊಲೊನಿಯಾ ಇಗರ್ಜಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿಬಿಟ್ಟಳು, ಅಟ್ಟದಿಂದ ಸೂಟ್‌ಕೇಸು ಇಳಿಸಿ ಬಿಸಿಲಿಗೆ ಇಟ್ಟಳು. ರಜೆಗೆ ಊರಿಗೆ ಬಂದಿದ್ದ ಚಂದ್ರಮತಿ ಹಿಂದಿರುಗುವಾಗ ಆ ಮಾಡೆಲನ್ನು ತಂದು ಕಾನ್ರಾಡನಿಗೆ ಮುಟ್ಟಿಸುವುದೆಂದು ತೀರ್ಮಾನವಾಯಿತು.

ಹೊರಡುವ ಮುನ್ನ ಚಂದ್ರಮತಿ ಶಿರ್ವಕ್ಕೆ ಹೋದಳು. ಡೆನಿಸ್ ಒಳಗಿನಿಂದ ಚಪ್ಪಲಿಯ ಪೆಟ್ಟಿಗೆಯೊಂದನ್ನು ಎದೆಗೊತ್ತಿ ಹಿಡಿದು ತಂದರು. ಹಳೆಯ ಬನಿಯನಿನಲ್ಲಿ ಸುತ್ತಿದ ಕಾರು. ಕೆಂಗಂದು ಬಣ್ಣ, ಒಳಗೆ ಕೆಂಗಂದು ಮಖಮಲ್. ಚಂದ್ರಮತಿ ಅಭ್ಯಾಸಬಲದಿಂದ ಅದರ ಬಾಗಿಲು ತೆರೆದಳು, ಡಿಕ್ಕಿ ತೆರೆದಳು. ಬೆರಳು ಸೀಟಿನ ಕಡೆ ಹೋಯಿತು.

"ಅದನ್ನು ಮಾತ್ರ ಮುಟ್ಬೇಡಿ ಚಂದ್ರಕ್ಕ" ಎಂದರು ಡೆನಿಸ್, ಅವಸರದಲ್ಲಿ. "ಬೇರೆ ಎಲ್ಲ ನೋಡಿ. ಸೀಟು ಮುಟ್ಟಬೇಡಿ, ಹತ್ರದಿಂದ ನೋಡುದೂ ಬೇಡ."

ಹತ್ತಿರದಿಂದ ನೋಡುವುದೂ ಬೇಡವೇ? ಹಿಂದೆಲ್ಲ ಭೂತಗನ್ನಡಿ ಕೈಗೆ ಕೊಟ್ಟು ತೋರಿಸುತ್ತಿದ್ದ ಮನುಷ್ಯ! ಚಂದ್ರಮತಿಗೆ ಸಂಶಯ ಹತ್ತಿತು. ಆದರೆ ಪಕ್ಕದಲ್ಲಿ ಅಪೊಲೊನಿಯಾ ಕಣ್ಣರಳಿಸಿ ನಿಂತಿದ್ದಾಳೆ, ಟೇಬಲ್ಲಿನ ಮೇಲೆ ಅವಳಿಗೆಂದೇ ಇಡ್ಲಿಯ ಹಾಗೆ ಹಬೆಯಲ್ಲಿ ಬೇಯಿಸಿದ ಸಾನ್ನ ಉಂಟು. ಆ ಮನೆಯಲ್ಲಿ ಬಿಚ್ಚಿ ನೋಡುತ್ತೇನೆ ಎನ್ನಲು ನಾಲಿಗೆ ಏಳಲಿಲ್ಲ. ಜೀವನದಲ್ಲಿ ಮೊದಲ ಸಲ ಕಾನೂನು ಮುರಿದು, ಪೆಟ್ಟಿಗೆಯನ್ನು ಹಾಗೆಯೇ ಬ್ಯಾಗಿಗೆ ಹಾಕಿಕೊಂಡಳು.

ಪಡುಬಿದ್ರಿಯ ತಮ್ಮನ ಮನೆಗೆ ಮುಟ್ಟುವವರೆಗೂ ಬಸ್ಸಿನಲ್ಲಿ ಆ ಬ್ಯಾಗು ಅವಳ ತೊಡೆಯ ಮೇಲೆ ಕೆಂಡದಂತೆ ಕೂತಿತ್ತು. ಮುಟ್ಟಬೇಡಿ ಅಂದರೆ ಯಾಕೆ ಅಂದರು? ಕಾನ್ರಾಡ್ ಎಂಥವನು? ದುಬೈಯಲ್ಲಿ ಅವನ ಸಂಗ ಯಾರದು? ಪೊರ್ಬುಗಳು ಒಳ್ಳೆಯವರೇ. ಆದರೆ ಒಳ್ಳೆಯವರ ಕೈಯಿಂದಲೇ ಇಂಥದ್ದನ್ನು ದಾಟಿಸುವುದು, ಕೆಟ್ಟವರ ಕೈಗೆ ಯಾರು ಕೊಡುತ್ತಾರೆ?

ಮಧ್ಯಾಹ್ನ ಎಲ್ಲರೂ ಊಟ ಮಾಡಿ ಒರಗಿದಾಗ ಅವಳು ಕೋಣೆಯ ಬಾಗಿಲು ಹಾಕಿಕೊಂಡು ಕಿಟಕಿಯ ಬೆಳಕಿಗೆ ಕಾರನ್ನು ಹಿಡಿದಳು. ದಿಂಬುಗಳು ಉಬ್ಬಿಕೊಂಡಿದ್ದವು. ಹೊಲಿಗೆ ಡೊಂಕು. ಒಂದು ಕಡೆ ಎರಡೆರಡು ಸಲ ಹೊಲಿದಿದೆ, ಇನ್ನೊಂದು ಕಡೆ ಬಿಟ್ಟೇ ಹೋಗಿದೆ. ಕೆಂಗಂದು ದಾರದ ನಡುವೆ ಒಂದು ಮೂಲೆಯಲ್ಲಿ ಕಪ್ಪು ದಾರ! ಇದು ಪೊರ್ಬುಗಳ ಹೊಲಿಗೆಯೇ ಅಲ್ಲ. ಯಾರೋ ಬಿಚ್ಚಿದ್ದಾರೆ, ಒಳಗೆ ಏನೋ ತುಂಬಿದ್ದಾರೆ, ಗಡಿಬಿಡಿಯಲ್ಲಿ ಮತ್ತೆ ಹೊಲಿದಿದ್ದಾರೆ. ಕಾರನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು. ಸರಸರ ಎಂದು ಸಣ್ಣ ಸದ್ದು.

ಬ್ಲೇಡು ತಂದು ಮೂಲೆಯ ಕಪ್ಪು ದಾರವನ್ನು ಕೊಯ್ದಳು. ಒಳಗಿನಿಂದ ಬಿಳಿ ಕಾಳು ಅವಳ ಸೀರೆಯ ಮೇಲೆ ಸುರಿಯಿತು. ಬೆರಳಿನಲ್ಲಿ ಉಜ್ಜಿದಳು, ನಾಲಿಗೆಗೆ ಇಟ್ಟಳು.

ಗಸಗಸೆ!

ನಮ್ಮಲ್ಲಿ ಹಬ್ಬದ ಪಾಯಸಕ್ಕೆ ಅರೆಯುವ ಗಸಗಸೆಯೇ. ಆದರೆ ಅದು ಅಫೀಮಿನ ಗಿಡದ ಬೀಜ ನೋಡಿ, ಆ ದೇಶದಲ್ಲಿ ಅದಕ್ಕೂ ಮಾದಕ ವಸ್ತುವಿನ ಕಾನೂನೇ. ಒಂದು ಚಿಟಿಕೆ ಸಿಕ್ಕಿದರೂ ಜೈಲು. ಗಲ್ಫಿನಲ್ಲಿರುವ ಪ್ರತಿ ಕನ್ನಡದ ಹೆಂಗಸಿಗೂ ಇದು ಗೊತ್ತು. ಕಾಲು ಶತಮಾನ ಅಲ್ಲಿದ್ದ ಡೆನಿಸರಿಗೆ ಗೊತ್ತಿಲ್ಲವೇ? ಯಾರಾದರೂ ಊರಿಗೆ ಹೊರಟಾಗಲೆಲ್ಲ "ಗಸಗಸೆ ಗಿಸಗಸೆ ತರ್ಬೇಡಿ ಮಾರಾಯ್ರೆ" ಎಂದು ಹೊಸಬರಿಗೆ ಬುದ್ಧಿ ಹೇಳುತ್ತಿದ್ದವರೇ ಅವರು!

ಚಂದ್ರಮತಿಯ ಪಿತ್ತ ನೆತ್ತಿಗೇರಿತು. ಗಂಡ ಮೋಸ ಮಾಡಿದಾಗಲೂ ಅವಳು ಅಷ್ಟು ಉರಿದಿರಲಿಲ್ಲ. ಒಂದೇ ಒಂದು ಮನೆಯನ್ನು ನಂಬಿದ್ದೆನಲ್ಲ, ಅವರೂ ನನ್ನನ್ನು ಕತ್ತೆ ಮಾಡಿದರಲ್ಲ! ಪೊಲೀಸಿಗೆ ಹೋಗಲೇ ಎಂದುಕೊಂಡಳು. ತಮ್ಮನನ್ನು ಎಬ್ಬಿಸಲೇ ಎಂದುಕೊಂಡಳು. ಕೊನೆಗೆ ಗಸಗಸೆಯನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಕಾರನ್ನು ಬ್ಯಾಗಿಗೆ ಹಾಕಿ, ಮರುದಿನ ಬೆಳಗಿನ ಮೊದಲ ಬಸ್ಸಿಗೆ ಶಿರ್ವಕ್ಕೆ ಹೊರಟಳು. ಮುಖದ ಮೇಲೆಯೇ ಕೇಳಬೇಕು.

ಅಪೊಲೊನಿಯಾ ಮೀನು ತರಲು ಪೇಟೆಗೆ ಹೋಗಿದ್ದಳು. ಡೆನಿಸ್ ಸಿಟೌಟಿನಲ್ಲಿ ಒಬ್ಬರೇ ಕೂತಿದ್ದರು. ಗೇಟಿನ ಸದ್ದಿಗೆ ತಲೆ ಎತ್ತಿ ಅವಳನ್ನೇ ನೋಡುತ್ತಾ, "ಯಾರು?" ಎಂದರು.

ನಾಟಕ ನೋಡು, ಎಂದುಕೊಂಡಳು ಚಂದ್ರಮತಿ. "ನಾನು ಪೊರ್ಬುಗಳೇ. ಒಂದು ಮಾತು ಕೇಳ್ಲಿಕ್ಕೆ ಬಂದೆ. ಆ ಸೀಟಿನೊಳಗೆ ಎಂತ ಹಾಕಿದ್ದೀರಿ?"

"ನೀವು ಬಿಚ್ಚಿದ್ರಾ?" ಡೆನಿಸ್ ಕುರ್ಚಿಯಿಂದ ಅರ್ಧ ಎದ್ದರು.

"ಎಂತ ಹಾಕಿದ್ದೀರಿ ಹೇಳಿ."

"ರವೆ. ಸಣ್ಣ ರವೆ. ಅಷ್ಟು ಚಿಕ್ಕದರಲ್ಲಿ ಸ್ಪಂಜು ಕುಸಿಯುದಿಲ್ಲ ಚಂದ್ರಕ್ಕ, ಉಬ್ಬಿಯೇ ನಿಲ್ತದೆ. ರವೆ ಆದ್ರೆ ತನ್ನಷ್ಟಕ್ಕೆ ಕೂತು ಸುಕ್ಕು ಬರ್ತದೆ. ಯಾವಾಗ್ಲೂ ನಾನು ಹಾಕುದು ಅದನ್ನೇ."

ಸುಳ್ಳು ಹೇಳುವವರ ಮುಖ ಚಂದ್ರಮತಿಗೆ ಗೊತ್ತು. ಈ ಮುಖ ಅದಲ್ಲ. ಅವಳಿಗೆ ಗೊಂದಲವಾಯಿತು. ಪೊಟ್ಟಣ ಬಿಚ್ಚಿ ಅವರ ಅಂಗೈಗೆ ಸುರಿದಳು. "ಇದು ಎಂತ?"

ಡೆನಿಸ್ ಅಂಗೈಯನ್ನು ಮುಖದ ಹತ್ತಿರ ತಂದರು. ದೂರ ಹಿಡಿದರು. ತಲೆ ಓರೆ ಮಾಡಿ ಕಣ್ಣಿನ ಮೂಲೆಯಿಂದ ನೋಡಿದರು. ಇನ್ನೊಂದು ಕೈಯ ಬೆರಳುಗಳಲ್ಲಿ ಉಜ್ಜಿದರು. ದಪ್ಪ ಸೂಜಿ ಹಿಡಿದು ಹಿಡಿದು ದಡ್ಡುಗಟ್ಟಿದ ಬೆರಳುಗಳು. "ರವೆಯಲ್ವಾ?" ಎಂದರು.

ಚಂದ್ರಮತಿಯ ಸಿಟ್ಟು ನಿಂತಲ್ಲೇ ನಿಂತಿತು. "ಬಾಯಿಗೆ ಹಾಕಿ ನೋಡಿ" ಎಂದಳು ಮೆಲ್ಲನೆ.

ಅವರು ಬಾಯಿಗೆ ಹಾಕಿಕೊಂಡರು. ಅಗಿದರು. ಮುಖದ ಬಣ್ಣವೇ ಇಳಿದುಹೋಯಿತು. "ಸೈಬಾ, ದೇವರೇ!" ಎಂದರು. "ಗಸಗಸೆ. ಚಂದ್ರಕ್ಕ, ನಿಮ್ಮನ್ನು... ನಿಮ್ಮ ಕೈಯಲ್ಲಿ ನಾನು... ಅಪೊಲೊನ್ ಎರಡು ಡಬ್ಬಿ ಒಟ್ಟಿಗೆ ಇಟ್ಟಿದ್ಲು." ಆ ದೊಡ್ಡ ಮನುಷ್ಯ ಮಗುವಿನ ಹಾಗೆ ಅತ್ತುಬಿಟ್ಟರು.

ಡೊಂಕು ಹೊಲಿಗೆ, ಕಪ್ಪು ದಾರ, ಹತ್ತಿರದಿಂದ ನೋಡಬೇಡಿ ಎಂಬ ಮಾತು, ಗೇಟಿನಲ್ಲಿ ಕೇಳಿದ "ಯಾರು?", ಎಲ್ಲವೂ ಒಟ್ಟಿಗೆ ಚಂದ್ರಮತಿಗೆ ಅರ್ಥವಾಯಿತು. ಯಾರೂ ಸೀಟನ್ನು ಬಿಚ್ಚಿರಲಿಲ್ಲ. ಪೊರ್ಬುಗಳೇ ಹೊಲಿದದ್ದು. ಪೊರ್ಬುಗಳಿಗೆ ಕಣ್ಣು ಕಾಣಿಸುತ್ತಿರಲಿಲ್ಲ.

"ಎಷ್ಟು ಸಮಯ ಆಯ್ತು?"

"ಅಲ್ಲಿರುವಾಗ್ಲೇ ಸುರುವಾಗಿತ್ತು. ಉಡುಪಿಗೆ ಒಬ್ಬನೇ ಹೋಗಿ ಡಾಕ್ಟರಿಗೆ ತೋರಿಸಿದೆ. ಹೋದದ್ದು ಬರುದಿಲ್ಲ, ಉಳಿದದ್ದನ್ನು ಉಳಿಸುವ ಅಂತ ಮದ್ದು ಕೊಟ್ಟಿದ್ದಾರೆ. ಅಂಗಿಯ ಕಿಸೆಯಲ್ಲಿಟ್ಟು ಕಳ್ಳನ ಹಾಗೆ ಕಣ್ಣಿಗೆ ಬಿಡ್ತೇನೆ."

"ಬಾಯಮ್ಮನಿಗೆ ಹೇಳ್ಲಿಲ್ವಾ?"

"ಹೇಳಿದ್ರೆ ಕೈಯಿಂದ ಕತ್ತರಿ ತೆಗೆದಿಟ್ಟು ಕುರ್ಚಿಯಲ್ಲಿ ಕೂರಿಸ್ತಾಳೆ. ಊರಿಡೀ ಬಂದು ಪಾಪ ಪಾಪ ಹೇಳಿ ಹೋಗ್ತಾರೆ. ನನಗೆ ಅದು ಬೇಡ."

"ಹಾಗಂತ ವೀಸಾಕ್ಕೆ ಹೂಂ ಅಂದ್ರಾ? ಅಲ್ಲಿ ಹೋಗಿ ಎಂತ ಹೊಲೀತೀರಿ? ಮೊದಲನೇ ದಿನವೇ ಗೊತ್ತಾಗ್ತದೆ!"

"ಗೊತ್ತುಂಟು." ಡೆನಿಸ್ ಅಂಗಿಯ ತುದಿಯಿಂದ ಮೂಗು ಒರೆಸಿಕೊಂಡರು. "ಕಾನ್ರಾಡ್ ಫೋನ್ ಮಾಡಿದಾಗ ಇವಳು ಹತ್ರವೇ ಇದ್ಲು. ಅವಳ ಮುಖ ಕಾಣ್ಲಿಲ್ಲ, ಆದ್ರೆ ಖುಷಿಯಲ್ಲಿ ನನ್ನ ಕೈ ಹಿಡ್ಕೊಂಡ್ಲು. ಬಾಯಿಂದ ಹೂಂ ಬಂದೇ ಬಿಡ್ತು. ಈಗ ಬೇಡ ಅನ್ನುದು ಹೇಗೆ? ಬೇರೆ ಯಾರಾದ್ರೂ ನನ್ನನ್ನು ಬೇಡ ಅಂದಿದ್ರೆ ಸಾಕಿತ್ತು ಚಂದ್ರಕ್ಕ. ನಾನಾಗಿ ಅನ್ಲಿಕ್ಕೆ ನನ್ನಿಂದ ಆಗುದಿಲ್ಲ."

ಗೇಟು ಕಿರುಗುಟ್ಟಿತು. ಅಪೊಲೊನಿಯಾ ಮೀನಿನ ಚೀಲ ಹಿಡಿದು, "ಅರೆ, ಚಂದ್ರಾ! ಎಂತ ಮರ್ತು ಹೋದಿ?" ಎಂದು ನಗುತ್ತಾ ಬಂದಳು. ಚಂದ್ರಮತಿ ಗಸಗಸೆಯ ಪೊಟ್ಟಣವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, "ಛತ್ರಿ" ಎಂದಳು. ಅಪೊಲೊನಿಯಾ ಛತ್ರಿ ಹುಡುಕಲು ಒಳಗೆ ಹೋದಳು. ಡೆನಿಸ್ ಮುಖ ತಗ್ಗಿಸಿ ಕೂತಿದ್ದರು.

ಪೊಟ್ಟಣವನ್ನು ಅವಳು ಬಸ್‌ಸ್ಟಾಂಡಿನ ಚರಂಡಿಗೆ ಎಸೆದಳು. ಮನೆಗೆ ಬಂದು ಉಳಿದ ದಿಂಬುಗಳನ್ನೂ ಬಿಚ್ಚಿ, ಕೊಡವಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ಕಾಳೂ ಉಳಿದಿಲ್ಲವೆಂದು ಮತ್ತೆ ಮತ್ತೆ ನೋಡಿದಳು. ಮಖಮಲ್ಲಿಗೆ ಏನೂ ಆಗಿರಲಿಲ್ಲ. ಹೊಲಿಗೆ ಮಾತ್ರ ಬಿಚ್ಚಿತ್ತು. ಅಬುಧಾಬಿಯಲ್ಲಿ ಇಳಿದಾಗ ಅವಳ ಬ್ಯಾಗಿನ ಕಡೆ ಯಾರೂ ತಿರುಗಿಯೂ ನೋಡಲಿಲ್ಲ. ನಿದ್ದೆಗಣ್ಣಿನ ಅಧಿಕಾರಿಯೊಬ್ಬ ಯಲ್ಲಾ ಯಲ್ಲಾ ಎಂದು ಎಲ್ಲರನ್ನೂ ಮುಂದೆ ದೂಡುತ್ತಿದ್ದ.

ಕಾನ್ರಾಡನಿಗೆ ಶುಕ್ರವಾರ ಕೊಡುತ್ತೇನೆಂದು ಹೇಳಿದ್ದಳು. ಗುರುವಾರ ಡ್ಯೂಟಿಯಿಂದ ಬಂದು ಹಾಸಿಗೆಯ ಮೇಲೆ ಕಾರನ್ನು ಇಟ್ಟುಕೊಂಡು ಕೂತಳು. ತಾನೇ ಹೊಲಿಯಬಹುದಿತ್ತು. ಅಂಗಡಿಯಿಂದ ರವೆ ತಂದು ತುಂಬಿ, ಸಣ್ಣ ಸೂಜಿಯಲ್ಲಿ ನೀಟಾಗಿ ಹೊಲಿದರೆ ಅರಬಾಬ್ ತಲೆದೂಗುತ್ತಿದ್ದ. ವೀಸಾ ಬರುತ್ತಿತ್ತು. ಪೊರ್ಬುಗಳು ಬರುತ್ತಿದ್ದರು. ಆಮೇಲೆ ಎಲ್ಲರೆದುರು ಆ ದೊಡ್ಡ ಸೀಟಿನ ಮುಂದೆ ಸೂಜಿ ಹಿಡಿದು ತಡಕಾಡುತ್ತಿದ್ದರು. ಅದು ಆಗಕೂಡದು. ಬಿಚ್ಚಿದ ಹಾಗೆಯೇ ಕೊಟ್ಟರೆ ಕಾನ್ರಾಡ್ ಮಖಮಲ್ಲಿನಲ್ಲಿ ಉಳಿದ ಡೊಂಕು ಹೊಲಿಗೆಯ ಗುರುತು ನೋಡುತ್ತಾನೆ, ಅವನೂ ಅದೇ ಕಸುಬಿನವರ ನಡುವೆ ಇರುವವನು. ಇಲ್ಲವೇ ಪಾರ್ಸೆಲ್ಲಿನಲ್ಲಿ ಹಿಂದಕ್ಕೆ ಕಳಿಸಿ, ಮತ್ತೆ ಹೊಲಿದು ಕಳಿಸಿ ಎನ್ನುತ್ತಾನೆ. ಬಟ್ಟೆ ಇರುವವರೆಗೆ ಪೊರ್ಬುಗಳಿಗೆ ಬಿಡುಗಡೆಯಿಲ್ಲ.

ಬಟ್ಟೆ ಇರುವವರೆಗೆ. ಅವಳು ಎದ್ದು ಅಡುಗೆಮನೆಯ ಕತ್ತರಿ ತಂದಳು.

"ಅಕ್ಕಾ, ಎಂತ ಮಾಡ್ತಾ ಇದ್ದಿ?" ಡ್ಯೂಟಿಗೆ ಹೊರಟಿದ್ದ ಕ್ಯಾರೊಲಿನ್ ಬಾಗಿಲಲ್ಲಿ ಗಕ್ಕನೆ ನಿಂತಳು. "ಡೆನಿಸ್ ಅಂಕಲ್‌ದು ಅಲ್ವಾ ಅದು?"

"ಒಳಗೆ ಎಂತ ಉಂಟೋ ಯಾರಿಗೆ ಗೊತ್ತು. ನೋಡ್ಬೇಕಲ್ಲ" ಎಂದಳು ಚಂದ್ರಮತಿ, ತಲೆ ಎತ್ತದೆ. ಕೊನೆಯ ದಿಂಬನ್ನೂ ಅಡ್ಡಡ್ಡ ಕತ್ತರಿಸಿದಳು. ಕತ್ತರಿ ಬೆರಳಿಗೂ ತಾಗಿತು. ಎಂಥ ಒಳ್ಳೆಯ ಮಖಮಲ್ ಅದು! ಅವಳಿಗೆ ಹೊಟ್ಟೆ ಉರಿಯಿತು.

ದುಬೈ ಬಸ್ಸು ಹಿಡಿದು, ಆಮೇಲೆ ಮೆಟ್ರೊ ಹಿಡಿದು, ಡಿಸ್ಕವರಿ ಗಾರ್ಡನ್ಸಿನ ಕಾನ್ರಾಡನ ಮನೆ ಮುಟ್ಟುವಾಗ ಅವಳು ತನ್ನ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಕಾನ್ರಾಡ್ ಚಪ್ಪಲಿಯ ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಈಸಿಕೊಂಡು ಮುಚ್ಚಳ ತೆರೆದ. ಒಳಗೆ ಕಾರು. ಕಾರಿನೊಳಗೆ ಚಿಂದಿ.

"ಇದು... ಇದೆಂತ ಚಂದ್ರಕ್ಕ?"

"ನಾನು ಕುಯ್ದೆ. ಸಂಶಯ ಬಂತು. ದಿಂಬು ಅಷ್ಟು ಉಬ್ಬಿತ್ತು, ಒಳಗೆ ಎಂತಾದ್ರೂ ಇಟ್ಟಿದ್ದಾರೋ ಅಂತ. ಎಂತ ಇರ್ಲಿಲ್ಲ. ರವೆ ಮಾತ್ರ."

"ನಿಮಗೆ ತಲೆ ಸರಿ ಉಂಟಾ?" ಕಾನ್ರಾಡನ ಕಣ್ಣು ಕೆಂಪಾಯಿತು. "ಡೆನಿಸಣ್ಣನ ಮೇಲೆ ಸಂಶಯವಾ? ಈ ಬಟ್ಟೆ ಇನ್ನು ಮಾಫಿ, ಎಲ್ಲಿಯೂ ಇಲ್ಲ, ಗೊತ್ತುಂಟಾ? ಅರಬಾಬ್ ನಾಳೆ ನೋಡ್ತೇನೆ ಹೇಳಿದ್ದಾನೆ. ಅವನಿಗೆ ನಾನು ಎಂತ ತೋರಿಸ್ಲಿ, ನಿಮ್ಮ ತಲೆಯನ್ನಾ?"

"ಹೊಲಿಗೆ ಭಾರಿ ಚಂದ ಇತ್ತು" ಎಂದಳು ಚಂದ್ರಮತಿ. "ನಾನು ಕಣ್ಣಾರೆ ನೋಡಿದ್ದೇನೆ. ಮೊದಲಿನ ಹಾಗೆಯೇ, ಒಂದು ಹೊಲಿಗೆ ಆಚೆ ಈಚೆ ಇಲ್ಲ. ಅರಬಾಬಿಗೆ ಹಾಗೆ ಹೇಳು. ತಪ್ಪು ನನ್ನದು."

ಕಾನ್ರಾಡ್ ಬಾಗಿಲು ಹಾಕಿಕೊಂಡ. ನೀರು ಬೇಕಾ ಎಂದೂ ಕೇಳಲಿಲ್ಲ.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಕ್ಯಾರೊಲಿನ್ ಕಣ್ಣಾರೆ ನೋಡಿದ ಸಾಕ್ಷಿ ಬೇರೆ. ಲಾಂಡ್ರಿಯಲ್ಲಿ ಹುಡುಗಿಯರು ಅವಳನ್ನು ಕಂಡು ಮಾತು ನಿಲ್ಲಿಸತೊಡಗಿದರು. ಅರಬಾಬ್ ಆ ಕೆಲಸವನ್ನು ಬೇರೆ ದೇಶದ ಯಾರಿಗೋ ಕೊಟ್ಟನೆಂದೂ, ಡೆನಿಸರ ಕೈಯಂಥ ಕೈ ಇನ್ನು ಹುಟ್ಟುವುದಿಲ್ಲವೆಂದು ಕಾನ್ರಾಡ್ ಎಲ್ಲರ ಹತ್ತಿರ ಹೇಳುತ್ತಿದ್ದಾನೆಂದೂ ಅವಳ ಕಿವಿಗೆ ಬಿತ್ತು. ಎರಡನೆಯದನ್ನು ಕೇಳಿ ಅವಳಿಗೆ ಸಮಾಧಾನವಾಯಿತು, ಸ್ವಲ್ಪ ಅಳುವೂ ಬಂತು.

ಅಪೊಲೊನಿಯಾ ಫೋನ್ ಮಾಡಿದ್ದು ಒಂದು ಭಾನುವಾರ, ಇಗರ್ಜಿಯ ಪೂಜೆ ಮುಗಿಸಿ ಬಂದು.

"ಚಂದ್ರಾ, ಒಂದು ಮಾತು ಕೇಳ್ತೇನೆ. ನನ್ನ ಗಂಡ ನಿನಗೆ ಎಂತ ಅನ್ಯಾಯ ಮಾಡಿದ್ರು? ನನ್ನ ಮನೆಯಲ್ಲಿ ಉಂಡವಳು ನೀನು. ಕಷ್ಟ ಬಂದಾಗ ನನ್ನ ಮಡಿಲಲ್ಲಿ ತಲೆ ಇಟ್ಟು ಅತ್ತವಳು. ನಮ್ಮ ಮೇಲೂ ಸಂಶಯವಾ? ಸೂಟ್‌ಕೇಸ್ ಮತ್ತೆ ಅಟ್ಟಕ್ಕೆ ಹಾಕುವಾಗ ಅವರು ಒಂದು ಮಾತು ಆಡ್ಲಿಲ್ಲ ಗೊತ್ತುಂಟಾ! ಒಂದು ಮಾತು!"

ಚಂದ್ರಮತಿ ಫೋನನ್ನು ಬಿಗಿಯಾಗಿ ಹಿಡಿದುಕೊಂಡಳು. ಹೇಳಿಬಿಡಲೇ ಎಂದು ಬಾಯಿಯವರೆಗೆ ಬಂತು. ನುಂಗಿಕೊಂಡಳು. "ತಪ್ಪಾಯ್ತು ಬಾಯಮ್ಮ."

"ನೀವೇ ಮಾತಾಡಿ" ಎಂದು ಅಪೊಲೊನಿಯಾ ಗಂಡನ ಕೈಗೆ ಫೋನ್ ಕೊಟ್ಟದ್ದು ಕೇಳಿಸಿತು. "ನೀವು ಯಾವಾಗ್ಲೂ ಸುಮ್ಮನೆ ಇರ್ತೀರಿ. ಇವತ್ತು ಬಯ್ಯಿರಿ ಅವಳಿಗೆ."

ಡೆನಿಸ್ ಬೈದರು. ದೊಡ್ಡ ದನಿಯಲ್ಲಿ, ಹೆಂಡತಿಗೆ ಕೇಳುವ ಹಾಗೆ ಬೈದರು. ನನ್ನ ಹೊಟ್ಟೆಯ ಮೇಲೆ ಹೊಡೆದ್ರಿ ಎಂದರು. ಇನ್ನೂ ಹತ್ತು ವರ್ಷ ಹೊಲೀತಿದ್ದೆ ಎಂದರು. ನಿಮ್ಮನ್ನು ತಂಗಿ ಅಂತ ತಿಳಿದಿದ್ದೆ ಎಂದರು. "ತಂಗಿ ಅಂತಲೇ ತಿಳಿದಿದ್ದೇನೆ" ಎಂದು ಇನ್ನೊಮ್ಮೆ ಹೇಳಿದರು, ಈ ಸಲ ಮೆಲ್ಲನೆ.

"ಹೌದು ಪೊರ್ಬುಗಳೇ" ಎಂದಳು ಚಂದ್ರಮತಿ. "ಕಣ್ಣಿಗೆ ಮದ್ದು ಬಿಡ್ತಾ ಇದ್ದೀರಲ್ಲ?"

"ಹೂಂ."

"ಸಾಕು, ಇನ್ನು ಅವಳ ಹತ್ರ ಮಾತು ಬೇಡ. ಫೋನ್ ಇಡಿ" ಎಂದಳು ಅಪೊಲೊನಿಯಾ ಹಿಂದಿನಿಂದ.

"ಇಡ್ತೇನೆ, ಇಡ್ತೇನೆ."

ಫೋನ್ ಇಟ್ಟ ಸದ್ದು ಬರಲಿಲ್ಲ. ಗಾಜಿನ ಮೇಲೆ ಬೆರಳು ತಡಕಾಡುವ ಸದ್ದು ಬಂತು, ಟಪ್, ಟಪ್, ಮತ್ತೆ ಟಪ್. ಕೆಂಪು ಬಟನ್ ಅವರಿಗೆ ಸಿಗುತ್ತಿರಲಿಲ್ಲ. "ಎಂತ ಮಾಡ್ತಾ ಇದ್ದೀರಿ ಅಷ್ಟು ಹೊತ್ತು?" ಎನ್ನುತ್ತಾ ಅಪೊಲೊನಿಯಾಳ ಚಪ್ಪಲಿಯ ಸಪ್ಪಳ ಹತ್ತಿರ ಬರತೊಡಗಿತು.

ಚಂದ್ರಮತಿ ಇಲ್ಲಿಂದಲೇ ಫೋನ್ ಕಟ್ ಮಾಡಿದಳು.